ಇಬ್ಬರು, ಒಂದು ಸಣ್ಣ ಕಾರು, ಲಡಾಖ್ ದಾರಿ

ಲಡಾಖ್‌ಗೆ ಕಾರಿನಲ್ಲಿ ಹೊರಟಿದ್ದೇವೆ ಅಂದ ಕೂಡಲೇ ಎದುರಿನವರು ಕೇಳುವುದು, ‘ಯಾವ ಗಾಡಿ?’ ಆಲ್ಟೊ, ವ್ಯಾಗನ್‌ಆರ್, ಟಿಯಾಗೊ ಎಂದರೆ ಅವರ ಮುಖ ಸಣ್ಣಗಾಗುತ್ತದೆ. ‘ಅದರಲ್ಲಿ ಆಗುತ್ತಾ?’ ಆಗುತ್ತದೆ. ಹಿಮಾಚಲದ ಬೆಟ್ಟದೂರುಗಳಲ್ಲಿ ಟ್ಯಾಕ್ಸಿ ಅಂತ ಓಡುವುದೇ ಹೆಚ್ಚಾಗಿ ಆಲ್ಟೊಗಳು. ಕಿರಿದಾದ ರಸ್ತೆ, ಎದುರಿಗೊಂದು ಲಾರಿ, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪಾತಾಳ. ಅಂಥ ಕಡೆ ಮೈ ಕುಗ್ಗಿಸಿ ನುಸುಳಬಲ್ಲ ಗಾಡಿಗೇ ಬೆಲೆ. ದೊಡ್ಡ ಎಸ್‌ಯುವಿಯವರು ಹಿಂದೆ ಮುಂದೆ ಮಾಡುತ್ತಾ ಬೆವರುವ ತಿರುವಿನಲ್ಲಿ ಸಣ್ಣ ಕಾರು ಒಂದೇ ಸಲಕ್ಕೆ ತಿರುಗಿಬಿಡುತ್ತದೆ.

ಹಾಗಂತ ಮಡಿಕೇರಿಗೆ ಹೊರಟ ಹಾಗೆ ಹೊರಡುವಂತಿಲ್ಲ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಕಾರ್ಗಿಲ್ ಪಟ್ಟಣವೇ ಅದಕ್ಕಿಂತ ಏಳುನೂರು ಮೀಟರ್ ಮೇಲಿದೆ. ಲೇಹ್ ಸುಮಾರು 3,500 ಮೀಟರ್. ಲೇಹ್–ಮನಾಲಿ ದಾರಿಯಲ್ಲಿ ಸಿಗುವ ತಂಗ್‌ಲಾಂಗ್ ಲಾ ಕಣಿವೆದಾರಿ 5,328 ಮೀಟರ್. ಸಮುದ್ರಮಟ್ಟದಲ್ಲಿ ಇರುವ ಗಾಳಿಯ ಒತ್ತಡದಲ್ಲಿ ಲೇಹ್‌ಗೆ ಸಿಗುವುದು ಮೂರನೇ ಎರಡು ಪಾಲು, ತಂಗ್‌ಲಾಂಗ್ ಲಾದಲ್ಲಿ ಅರ್ಧ. ಈ ಪ್ರವಾಸದ ಕಷ್ಟವೆಲ್ಲ ಇಷ್ಟರಲ್ಲೇ ಇದೆ. ಎಂಜಿನ್ನಿಗೂ ಗಾಳಿ ಸಾಲದು, ನಿಮ್ಮಿಬ್ಬರ ಶ್ವಾಸಕೋಶಕ್ಕೂ ಸಾಲದು. ರೋಗ ಒಂದೇ ಆದ್ದರಿಂದ ಮದ್ದೂ ಒಂದೇ: ಹೊರೆ ಕಡಿಮೆ, ವೇಗ ಕಡಿಮೆ, ನಡುನಡುವೆ ವಿಶ್ರಾಂತಿ.

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಹೆಚ್ಚುಕಡಿಮೆ ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಊರಿನಲ್ಲಿ 67 ಅಶ್ವಶಕ್ತಿ ಕೊಡುವ ಆಲ್ಟೊ ಕೆ10 ತಂಗ್‌ಲಾಂಗ್ ಲಾ ಮುಟ್ಟುವ ಹೊತ್ತಿಗೆ ಅದರ ಅರ್ಧದಷ್ಟು ಗಾಡಿ. ಕಾರು ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಅದರ ದಮ್ಮೇ ಅಷ್ಟು. ಹಿಂದಿನ ಕಾರ್ಬ್ಯುರೇಟರ್ ಕಾರುಗಳು ಇಲ್ಲಿ ಕಪ್ಪು ಹೊಗೆ ಕಾರುತ್ತಿದ್ದವು. ಈಗಿನವುಗಳಲ್ಲಿ ಗಾಳಿಗೆ ತಕ್ಕ ಹಾಗೆ ಪೆಟ್ರೋಲನ್ನು ಕಂಪ್ಯೂಟರೇ ಹೊಂದಿಸಿಕೊಳ್ಳುವುದರಿಂದ ಆ ರಗಳೆ ಇಲ್ಲ. ಟರ್ಬೊ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ.

ಯಾವ ಕಡೆಯಿಂದ ಹತ್ತಬೇಕು?

ಲೇಹ್‌ಗೆ ಎರಡು ಮುಖ್ಯ ದಾರಿ. ಒಂದು ಶ್ರೀನಗರದಿಂದ, ಸುಮಾರು 420 ಕಿ.ಮೀ. ಇನ್ನೊಂದು ಮನಾಲಿಯಿಂದ, 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಇದು 46 ಕಿ.ಮೀ. ಕಡಿಮೆಯಾಗಿ ಹೆಚ್ಚುಕಡಿಮೆ ಅಷ್ಟೇ ದೂರ. ದೂರ ಒಂದೇ ಆದರೂ ದಾರಿಗಳ ಗುಣ ಬೇರೆ. ಶ್ರೀನಗರ ಇರುವುದು 1,585 ಮೀಟರ್‌ನಲ್ಲಿ. ಅಲ್ಲಿಂದ ಸೋನಾಮಾರ್ಗ್ (2,730), ಝೋಜಿ ಲಾ (3,528), ದ್ರಾಸ್, ಕಾರ್ಗಿಲ್ (2,676), ನಾಮಿಕಾ ಲಾ, ಫೋಟು ಲಾ (4,108), ಲಾಮಾಯೂರು, ಲೇಹ್. ಹತ್ತುತ್ತೀರಿ, ಇಳಿಯುತ್ತೀರಿ, ಮತ್ತೆ ಹತ್ತುತ್ತೀರಿ, ಆದರೆ ರಾತ್ರಿ ಮಲಗುವ ಜಾಗದ ಎತ್ತರ ಒಮ್ಮೆಲೇ ಜಿಗಿಯುವುದಿಲ್ಲ. ಮೈಗೆ ಬೇಕಾದದ್ದು ಅದೇ. ಸೋನಾಮಾರ್ಗ್‌ನಲ್ಲಿ ಒಂದು ರಾತ್ರಿ, ಕಾರ್ಗಿಲ್‌ನಲ್ಲಿ ಒಂದು ರಾತ್ರಿ, ಮೂರನೆಯ ದಿನ ಲೇಹ್. ಇದಕ್ಕಿಂತ ಆತುರ ಬೇಡ.

ಮನಾಲಿಯಿಂದ ಹತ್ತುವುದರಲ್ಲಿ ಒಂದು ಬೋನು ಇದೆ, ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಮೊದಲ ಸಲ ಹೋಗುವವರು ಬಾರಾಲಾಚಾ ಲಾ ದಾಟಿ 4,290 ಮೀಟರ್ ಎತ್ತರದ ಸರ್ಚುವಿನ ಡೇರೆಗಳಲ್ಲಿ ಮಲಗುತ್ತಾರೆ. ಮಧ್ಯರಾತ್ರಿ ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ಇದಕ್ಕೆ ಖಾತ್ರಿ ಮದ್ದು ಕೆಳಗಿಳಿಯುವುದೊಂದೇ. ಆದರೆ ಸರ್ಚುವಿನಿಂದ ಇಳಿಯಬೇಕಾದರೆ ಮೊದಲು ಹತ್ತಬೇಕು! ಹಿಂದೆ 4,800 ಮೀಟರಿಗೂ ಮೇಲಿನ ಬಾರಾಲಾಚಾ, ಮುಂದೆ ಸುಮಾರು 5,000 ಮೀಟರಿನ ಲಾಚುಂಗ್ ಲಾ. ಅದರಾಚೆಯ ಪಾಂಗ್‌ನ ಕಥೆಯೂ ಇದೇ. ಆದ್ದರಿಂದ ಶ್ರೀನಗರದಿಂದ ಹತ್ತಿ, ಲೇಹ್‌ನಲ್ಲಿ ಮೈ ಒಗ್ಗಿದ ಮೇಲೆ ಮನಾಲಿ ಕಡೆಗೆ ಇಳಿಯುವುದೇ ಜಾಣತನ. ಕಾಶ್ಮೀರದ ಪರಿಸ್ಥಿತಿಯಿಂದಲೋ ಭೂಕುಸಿತದಿಂದಲೋ ಮನಾಲಿಯಿಂದಲೇ ಹೊರಡಬೇಕಾಗಿ ಬಂದರೆ ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಎರಡು ರಾತ್ರಿ ಕಳೆಯಿರಿ. ಆಮೇಲೆ ನಸುಕಿನಲ್ಲೇ ಹೊರಟು, ಸರ್ಚುವಿನಲ್ಲಿ ಮಲಗದೆ, ಒಂದೇ ದೊಡ್ಡ ದಿನದಲ್ಲಿ ಲೇಹ್ ಮುಟ್ಟಿಬಿಡಿ.

ಕಾಲ ಯಾವುದು ಎಂದರೆ ನಾನು ಸೆಪ್ಟೆಂಬರ್ ಎನ್ನುತ್ತೇನೆ. ಮೇ, ಜೂನ್‌ನಲ್ಲಿ ರಸ್ತೆಯ ಎರಡೂ ಬದಿ ಹಿಮದ ಗೋಡೆ, ಫೋಟೊಗೆ ಚೆನ್ನ. ಆದರೆ ಕರಗಿದ ನೀರು ರಸ್ತೆಯ ಮೇಲೆ ಹರಿಯುವುದೂ ಆಗಲೇ. ಲಡಾಖ್ ಮಳೆಯ ನೆರಳಿನ ನಾಡು ನಿಜ, ಆದರೆ ಅಲ್ಲಿಗೆ ಹೋಗುವ ದಾರಿ ನೆರಳಿನಲ್ಲಿಲ್ಲ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಕುಲು–ಮನಾಲಿ ಹೆದ್ದಾರಿಯ ತುಂಡುಗಳನ್ನೇ ಹೊತ್ತೊಯ್ದಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಆಯಿತು. ಜಮ್ಮು–ಶ್ರೀನಗರ ದಾರಿಯ ರಾಮಬನ್ ಸುತ್ತಮುತ್ತ ಮಳೆಗಾಲದಲ್ಲಿ ಗುಡ್ಡ ಜರಿಯುವುದು ಮಾಮೂಲು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಮಳೆ ಹಿಂದೆ ಸರಿಯುತ್ತಿರುತ್ತದೆ, ಹಳ್ಳಗಳಲ್ಲಿ ನೀರು ಇಳಿದಿರುತ್ತದೆ, ಜನಜಂಗುಳಿಯೂ ಕಡಿಮೆ. ಚಳಿ ಜಾಸ್ತಿ, ಅದಕ್ಕೆ ಸ್ವೆಟರ್ ಇದೆ. ಯಾವ ತಿಂಗಳಾದರೂ ಎರಡು ದಿನ ಕೈಯಲ್ಲಿ ಹೆಚ್ಚುವರಿ ಇಟ್ಟುಕೊಳ್ಳಿ, ವಾಪಸ್ ಬರುವ ದಿನದ ಲೆಕ್ಕವನ್ನು ಬಿಗಿ ಮಾಡಿಕೊಳ್ಳಬೇಡಿ.

ಬೆಂಗಳೂರಿನಿಂದ ಗಾಡಿ ಓಡಿಸಿಕೊಂಡೇ ಹೋಗುವುದಾದರೆ ದಾರಿ ಹುಡುಕುವ ಕೆಲಸವಿಲ್ಲ. ಬಾಗೇಪಲ್ಲಿಯಲ್ಲಿ ರಾಜ್ಯ ದಾಟುವ ರಾಷ್ಟ್ರೀಯ ಹೆದ್ದಾರಿ 44 ನೇರ ಶ್ರೀನಗರಕ್ಕೆ ಹೋಗಿ ಮುಟ್ಟುತ್ತದೆ, ಸುಮಾರು ಮೂರು ಸಾವಿರ ಕಿಲೋಮೀಟರ್. ಮೂರು ವಾರಕ್ಕಿಂತ ಕಡಿಮೆ ರಜೆ ಇದ್ದವರು ಈ ಸಾಹಸ ಮಾಡದಿರುವುದೇ ಮೇಲು; ಬೆಟ್ಟ ಶುರುವಾಗುವ ಹೊತ್ತಿಗೆ ಇಬ್ಬರೂ ಸುಸ್ತಾಗಿರುತ್ತೀರಿ. ಅಂಥವರು ಕಾರನ್ನು ಲಾರಿಯಲ್ಲಿ ದೆಹಲಿಗೋ ಚಂಡೀಗಢಕ್ಕೋ ಕಳಿಸಿ, ತಾವು ರೈಲು ಹತ್ತಬಹುದು. ಬಾಡಿಗೆಯ ಸೆಲ್ಫ್‌ಡ್ರೈವ್ ಕಾರು ಒಯ್ಯುವ ಯೋಚನೆ ಇದ್ದರೆ ಎಚ್ಚರ: ಹೊರಗಿನ ಬಾಡಿಗೆ ಗಾಡಿಗಳು ಲೇಹ್ ಸುತ್ತಮುತ್ತ ತಿರುಗಾಡುವುದನ್ನು ಅಲ್ಲಿನ ಟ್ಯಾಕ್ಸಿಯವರು ಒಪ್ಪುವುದಿಲ್ಲ, ದಾರಿಯಲ್ಲೇ ತಡೆಯುತ್ತಾರೆ. ಸ್ವಂತ ಗಾಡಿಗೆ ಆ ತೊಂದರೆ ಇಲ್ಲ. ಬೇರೆಯವರ ಹೆಸರಿನ ಕಾರಾದರೆ ಮಾಲೀಕರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

‘ಜನರಲ್ ಸರ್ವಿಸ್ ಮಾಡಿ’ ಅಂದರೆ ಸಾಲದು. ಮೊದಲು ಕ್ಲಚ್. ಅರ್ಧ ಸವೆದ ಕ್ಲಚ್ ಪ್ಲೇಟು ಬೆಂಗಳೂರಿನಲ್ಲಿ ಇನ್ನೊಂದು ವರ್ಷ ಬರಬಹುದು, ಝೋಜಿ ಲಾದಲ್ಲಿ ಒಂದು ಗಂಟೆಯೂ ಬರಲಿಕ್ಕಿಲ್ಲ. ಅನುಮಾನ ಇದ್ದರೆ ಬದಲಿಸಿಬಿಡಿ. ಎರಡನೆಯದು ಬ್ರೇಕ್ ಆಯಿಲ್. ಅದು ಕಾಲಕ್ರಮದಲ್ಲಿ ಗಾಳಿಯ ತೇವ ಹೀರಿಕೊಳ್ಳುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಆವಿಯಾಗಿ, ಪೆಡಲ್ ತುಳಿದರೆ ಹತ್ತಿಯ ಮೇಲೆ ಕಾಲಿಟ್ಟಂತೆ ಮೆತ್ತಗೆ ಕೆಳಗಿಳಿಯುತ್ತದೆ. ಎರಡು ವರ್ಷ ದಾಟಿದ ಆಯಿಲ್ ಆದರೆ ಹೊಸದು ಹಾಕಿಸಿ. ಮೂರನೆಯದು ಕೂಲಂಟ್. ಸುಮ್ಮನೆ ನೀರು ಹಾಕಿಸಿಕೊಂಡು ಓಡಿಸುವ ಅಭ್ಯಾಸ ನಮ್ಮಲ್ಲಿದೆ. ಅಲ್ಲಿ ಹಗಲು ಅದು ಬೇಗ ಕುದಿಯುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ತುಂಬಿಸಿ, ರೇಡಿಯೇಟರ್ ಮುಚ್ಚಳದ ವಾಷರ್ ನೋಡಿಸಿ. ಬ್ಯಾಟರಿ ಮೂರು ವರ್ಷ ಹಳೆಯದಾಗಿದ್ದರೆ ಚಳಿಯ ಬೆಳಿಗ್ಗೆ ಕೈಕೊಡುತ್ತದೆ. ಏರ್ ಫಿಲ್ಟರ್ ಹೊಸದಿರಲಿ, ಮೊದಲೇ ಗಾಳಿ ಕಡಿಮೆ ಇರುವ ಕಡೆ ಮೂಗೂ ಕಟ್ಟಿಕೊಂಡಿದ್ದರೆ ಹೇಗೆ?

ಹೊಟ್ಟೆಯಡಿ ಕಬ್ಬಿಣದ ತಗಡು ಹೊಡೆಸಿದರೆ ಒಳ್ಳೆಯದು. ಸಣ್ಣ ಕಾರುಗಳ ತಳ ನೆಲದಿಂದ ಒಂದು ಗೇಣಿಗಿಂತಲೂ ಕೆಳಗಿರುತ್ತದೆ, ಎಂಜಿನ್ ಆಯಿಲ್ ಪಾತ್ರೆಗೆ ಕಲ್ಲು ತಾಗಿದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಅದಕ್ಕಿಂತ ದೊಡ್ಡ ಉಪಾಯ ಹೊರೆ ಇಳಿಸುವುದು. ಆಲ್ಟೊದಂಥ ಕಾರು ತಾನೇ ಎಂಟುನೂರು ಕಿಲೋ ತೂಗುವುದಿಲ್ಲ, ಆದ್ದರಿಂದ ನೀವು ಬಿಡುವ ಪ್ರತಿ ಇಪ್ಪತ್ತು ಕಿಲೋವೂ ಅದಕ್ಕೆ ತಿಳಿಯುತ್ತದೆ. ಇಬ್ಬರೇ ಹೋಗುವುದರ ಲಾಭ ಇಲ್ಲೇ ಇರುವುದು. ಹಿಂದಿನ ಸೀಟು ಮಡಚಿ, ಭಾರದ ಚೀಲಗಳನ್ನು ಮುಂದಿನ ಸೀಟುಗಳ ಬೆನ್ನಿಗೆ ಒತ್ತಿ ತಳದಲ್ಲಿಡಿ. ಈ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಡಿಕ್ಕಿಯಲ್ಲಿ ಭಾರ ತುಂಬಿದರೆ ಏರಿನಲ್ಲಿ ಮುಂಭಾಗ ಹಗುರಾಗಿ ಚಕ್ರ ಜಲ್ಲಿಯ ಮೇಲೆ ಸುಮ್ಮನೆ ಸುತ್ತುತ್ತದೆ. ಟಾಪ್ ಮೇಲೆ ಕ್ಯಾರಿಯರ್ ಕಟ್ಟುವುದು ನನಗೆ ಒಂದಿಷ್ಟೂ ಹಿಡಿಸದು. ಅಲ್ಲಿ ಕಟ್ಟಬೇಕಾದಷ್ಟು ಸಾಮಾನು ಇದೆ ಎಂದರೆ ಅದರಲ್ಲಿ ಅರ್ಧ ಮನೆಯಲ್ಲಿರಬೇಕಾದದ್ದು.

ಟೈರು ಟ್ಯೂಬ್‌ಲೆಸ್ ಇರಲಿ, ಸ್ಟೆಪ್ನಿಯಲ್ಲಿ ಗಾಳಿ ಇರಲಿ, ಜಾಕು ಮತ್ತು ಪಾನಾ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿರಲಿ. ಹೊರಡುವ ಮೊದಲು ಮನೆಯ ಮುಂದೆಯೇ ಇಬ್ಬರೂ ಒಂದೊಂದು ಸಲ ಚಕ್ರ ಬಿಚ್ಚಿ ಹಾಕಿ. ಪಂಕ್ಚರ್ ಕಿಟ್ಟು, ಸಿಗರೇಟ್ ಲೈಟರಿಗೆ ಚುಚ್ಚುವ ಗಾಳಿ ಪಂಪು, ಎಳೆಯುವ ಹಗ್ಗ, ಜಂಪರ್ ಕೇಬಲ್ ಇಷ್ಟು ಸಾಕು. ಲೇಹ್‌ನಲ್ಲಿ ಟೈರಿನ ಗಾಳಿ ನೋಡಿದರೆ ಊರಲ್ಲಿ ಹಾಕಿಸಿದ್ದಕ್ಕಿಂತ ಎರಡು ಮೂರು ಪಿಎಸ್‌ಐ ಹೆಚ್ಚು ತೋರಿಸಬಹುದು. ಹೊರಗಿನ ಒತ್ತಡ ಇಳಿದದ್ದರಿಂದ ಹಾಗೆ. ಹಿಂದಿನ ಸೀಟಿನ ಚಿಪ್ಸ್ ಪ್ಯಾಕೆಟ್ಟು ಬಲೂನಿನಂತೆ ಊದಿಕೊಂಡಿರುವುದಕ್ಕೂ ಅದೇ ಕಾರಣ.

ಏರು, ಇಳಿಜಾರು, ಹಳ್ಳ

ಏರಿನಲ್ಲಿ ಸಣ್ಣ ಕಾರನ್ನು ಕೊಲ್ಲುವುದು ಎತ್ತರವಲ್ಲ, ಹಾಫ್ ಕ್ಲಚ್. ಪಿಕಪ್ ಸಾಲದೆ ಗಾಡಿ ಮುಗ್ಗರಿಸಿದಾಗ ಎಡಗಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗುತ್ತದೆ, ಬಲಗಾಲು ಆಕ್ಸಿಲರೇಟರ್ ಒತ್ತುತ್ತದೆ, ಸುಟ್ಟ ವಾಸನೆ ಬರುತ್ತದೆ. ಬದಲಿಗೆ ತಿರುವಿಗೆ ಮೊದಲೇ ಗೇರ್ ಇಳಿಸಿ. ಎರಡನೆಯದರಲ್ಲಿ ಹೋಗುತ್ತೋ ಇಲ್ಲವೋ ಎಂಬ ಅನುಮಾನ ಬಂದರೆ ಫಸ್ಟ್ ಗೇರಿಗೆ ಬನ್ನಿ, ಎಂಜಿನ್ ಸ್ವಲ್ಪ ಕಿರುಚಲಿ, ಅದಕ್ಕೇನೂ ಆಗದು. ನಿಲ್ಲಬೇಕಾದರೆ ಪೂರ್ತಿ ನಿಂತು ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಡುವಾಗ ಕ್ಲಚ್ ಹಿಡಿಯುವುದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಎಸಿ ಆಫ್. ತೀರಾ ಕಡಿದಾದ, ಜಲ್ಲಿ ಹರಡಿದ ತಿರುವಿನಲ್ಲಿ ಗಾಡಿ ಹಿಂದೆಗೆದರೆ ಒಬ್ಬರು ಇಳಿದು ನಡೆಯಿರಿ. ಅರವತ್ತು ಕಿಲೋ ಇಳಿದ ಕೂಡಲೇ ಅದು ಹತ್ತುವುದನ್ನು ನೋಡಿಯೇ ನಂಬಬೇಕು. ನಡೆಯುವವರು ಮಾತ್ರ ಓಡಬಾರದು, 4,500 ಮೀಟರಿನಲ್ಲಿ ಇಪ್ಪತ್ತು ಹೆಜ್ಜೆಗೇ ಏದುಸಿರು ಬರುತ್ತದೆ.

ಇದೆಲ್ಲ ಅಭ್ಯಾಸ ಮಾಡಲು ನಮ್ಮಲ್ಲೇ ಶಾಲೆಗಳಿವೆ. ಹದಿನಾಲ್ಕು ಹೇರ್‌ಪಿನ್ ತಿರುವಿನ ಆಗುಂಬೆ, ಚಾರ್ಮಾಡಿ, ಹುಲಿಕಲ್. ಪೂರ್ತಿ ಸಾಮಾನು ತುಂಬಿಸಿ ಒಂದು ಭಾನುವಾರ ಹತ್ತಿಸಿ, ಇಳಿಸಿ. ಇಬ್ಬರೂ ಓಡಿಸಿ. ಆಗುಂಬೆಯಲ್ಲಿ ಕ್ಲಚ್ ವಾಸನೆ ಬಂದರೆ ಲೇಹ್–ಮನಾಲಿ ದಾರಿಯ ಇಪ್ಪತ್ತೊಂದು ಸುತ್ತಿನ ಗಾಟಾ ಲೂಪ್ಸ್‌ನಲ್ಲಿ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಇಳಿಯುವಾಗ ಬ್ರೇಕಿಗಿಂತ ಗೇರನ್ನು ನಂಬಿ. ಯಾವ ಗೇರಿನಲ್ಲಿ ಹತ್ತಬೇಕಾಗಿತ್ತೋ ಅದೇ ಗೇರಿನಲ್ಲಿ ಇಳಿಯುವುದು ಹಳೆಯ ಲಾರಿ ಡ್ರೈವರುಗಳ ನಿಯಮ, ಈಗಲೂ ಅದೇ ಸರಿ. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯದೆ, ಗಟ್ಟಿಯಾಗಿ ಒಮ್ಮೆ ಒತ್ತಿ ಬಿಟ್ಟುಬಿಡಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಉರುಳಿಸುವವರಿದ್ದಾರೆ; ಎಂಜಿನ್ ಹಿಡಿತ ಬಿಟ್ಟುಹೋದ ಕಾರು ಬೆಟ್ಟದಲ್ಲಿ ಬರೀ ಕಬ್ಬಿಣದ ಗುಂಡು.

ಹಳ್ಳ ದಾಟುವುದು ಈ ದಾರಿಯ ನಿಜವಾದ ಪರೀಕ್ಷೆ. ಮೇಲಿನ ಹಿಮ ಬಿಸಿಲಿಗೆ ಕರಗಿ ರಸ್ತೆಯ ಮೇಲೇ ಹರಿಯುತ್ತದೆ. ಬೆಳಿಗ್ಗೆ ಏಳಕ್ಕೆ ಪಾದ ಮುಳುಗುವಷ್ಟು ಇದ್ದದ್ದು ಮಧ್ಯಾಹ್ನ ಮೂರಕ್ಕೆ ಮೊಣಕಾಲಿಗೆ ಬರುತ್ತದೆ. ಆದ್ದರಿಂದ ನಸುಕಿನಲ್ಲಿ ಹೊರಡಿ. ಝೋಜಿ ಲಾ, ಬಾರಾಲಾಚಾ ಎರಡಕ್ಕೂ ಇದೇ ಮಾತು. ಹಳ್ಳ ಎದುರಾದ ಕೂಡಲೇ ನುಗ್ಗಬೇಡಿ. ಬದಿಗೆ ನಿಲ್ಲಿಸಿ ಒಂದು ಗಾಡಿ ದಾಟುವುದನ್ನು ನೋಡಿ, ಅದರ ಚಕ್ರ ಎಲ್ಲಿ ಮುಳುಗಿತು, ಎಲ್ಲಿ ಕುಣಿಯಿತು ಎಂದು ಗಮನಿಸಿ. ಯಾರೂ ಇಲ್ಲದಿದ್ದರೆ ಒಬ್ಬರು ಗಮ್‌ಬೂಟು ಹಾಕಿ, ಕೋಲೂರಿ, ನೀರಿಗಿಳಿದು ನೋಡಿ. ಅಗಲವಾಗಿ ಹರಡಿ ಕಲ್ಲಿನ ಮೇಲೆ ಗುಳುಗುಳು ಎನ್ನುವಲ್ಲಿ ಆಳ ಕಡಿಮೆ. ಸದ್ದಿಲ್ಲದೆ ನುಣ್ಣಗೆ ಹರಿಯುವಲ್ಲಿ ಗುಂಡಿ ಇರುತ್ತದೆ. ಚಕ್ರದ ನಡುಮಧ್ಯದ ಬಟ್ಟಲು ಮುಳುಗುವಷ್ಟು ನೀರಿದ್ದರೆ ಸಣ್ಣ ಕಾರಿಗೆ ಅದು ಬೇಡ, ಕಾಯಿರಿ ಅಥವಾ ವಾಪಸಾಗಿ. ದಾಟುವುದಾದರೆ ಫಸ್ಟ್ ಗೇರ್, ಆಕ್ಸಿಲರೇಟರ್ ಒಂದೇ ಸಮ, ಕ್ಲಚ್ಚಿನ ಮೇಲೆ ಕಾಲೇ ಬೇಡ, ನಡುವೆ ಗೇರ್ ಬದಲಿಸುವುದೂ ಬೇಡ. ಆಕ್ಸಿಲರೇಟರ್ ಬಿಟ್ಟರೆ ಗಾಡಿ ಅಲ್ಲೇ ನಿಂತು ಸೈಲೆನ್ಸರಿಗೆ ನೀರು ನುಗ್ಗುತ್ತದೆ. ಆಚೆ ದಡದಲ್ಲಿ ಮೊದಲೇ ನಡೆದು ನಿಂತವರು ಚಕ್ರ ಎಲ್ಲಿಗೆ ಬರಬೇಕೆಂದು ಕೈಸನ್ನೆ ಮಾಡಲಿ. ನಡುನೀರಿನಲ್ಲಿ ಎಂಜಿನ್ ನಿಂತುಹೋದರೆ ಕೀ ತಿರುಗಿಸಲೇಬೇಡಿ. ಒಳಗೆ ನೀರು ಹೋಗಿದ್ದರೆ ಆ ಒಂದು ತಿರುವಿಗೆ ಎಂಜಿನ್ ಒಳಗಿನ ಕಬ್ಬಿಣ ಬಾಗುತ್ತದೆ. ತಳ್ಳಿ, ಅಥವಾ ಹಗ್ಗ ಕಟ್ಟಿಸಿ ಎಳೆಸಿ. ಆ ದಾರಿಯ ಲಾರಿಯವರು ಸಹಾಯಕ್ಕೆ ಇಲ್ಲ ಎನ್ನುವುದು ಅಪರೂಪ. ದಾಟಿದ ಮೇಲೆ ಎರಡು ಮೂರು ಸಲ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ನಿಯಮ. ಸೇನೆಯ ಲಾರಿಸಾಲು ಬಂದರೆ ಬದಿಗೆ ನಿಂತು ಬಿಡಿ, ನಡುವೆ ನುಗ್ಗಬೇಡಿ. ಝೋಜಿ ಲಾದಲ್ಲಿ ಯಾವ ಹೊತ್ತಿಗೆ ಯಾವ ಕಡೆಯ ಗಾಡಿ ಎಂದು ಪೊಲೀಸರು ನಿಗದಿ ಮಾಡುತ್ತಾರೆ, ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳಿ. 2025ರ ಜನವರಿಯಲ್ಲಿ ತೆರೆದ ಆರೂವರೆ ಕಿಲೋಮೀಟರಿನ ಸುರಂಗದಿಂದ ಸೋನಾಮಾರ್ಗ್‌ವರೆಗಿನ ದಾರಿ ಸಲೀಸಾಗಿದೆ. ಅದರಾಚೆ ಝೋಜಿ ಲಾ ಕೆಳಗಿನ ದೊಡ್ಡ ಸುರಂಗ ಸಿದ್ಧವಾಗುವವರೆಗೆ ಹಳೆಯ ಕಣಿವೆದಾರಿಯ ಕೆಸರು, ದೂಳು ಇದ್ದದ್ದೇ.

‘ಏನಿಲ್ಲ, ಪಿತ್ತ ಇರಬೇಕು’

ನಮ್ಮವರಲ್ಲಿ ಘಾಟಿ ರಸ್ತೆ, ತಲೆನೋವು, ವಾಂತಿ ಮೂರೂ ಸೇರಿದರೆ ಪಿತ್ತ ಎಂದು ತೀರ್ಮಾನವಾಗುತ್ತದೆ. ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿಕೊಳ್ಳುತ್ತೇವೆ. ಮೂರು ಸಾವಿರ ಮೀಟರಿನ ಮೇಲೆ ಹಾಗೆ ಅಂದುಕೊಳ್ಳುವುದು ಅಪಾಯ. ಅಲ್ಲಿ ತಲೆನೋವಿನ ಜೊತೆ ಓಕರಿಕೆ, ಊಟ ಬೇಡ ಅನ್ನಿಸುವುದು, ವಿಪರೀತ ಸುಸ್ತು, ನಿದ್ದೆ ಬಾರದಿರುವುದು ಕಂಡರೆ ಅದು ಎತ್ತರದ ಕಾಯಿಲೆ ಎಂದೇ ತಿಳಿಯಿರಿ. ಇದು ವಯಸ್ಸು, ಗಟ್ಟಿಮುಟ್ಟಾದ ಮೈ ಯಾವುದನ್ನೂ ನೋಡುವುದಿಲ್ಲ. ದಿನಾ ಜಿಮ್ಮಿಗೆ ಹೋಗುವ ಗಂಡ ಮಲಗಿಬಿಟ್ಟು, ಬೆಳಗಿನ ವಾಕಿಂಗನ್ನೂ ಮಾಡದ ಹೆಂಡತಿ ಆರಾಮಾಗಿ ತುಕ್ಪಾ ಸೂಪು ಕುಡಿಯುವುದು ಇಲ್ಲಿ ಮಾಮೂಲು ದೃಶ್ಯ.

ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಂದು ಪೂರ್ತಿ ವಿಶ್ರಾಂತಿ ಬೇಕು ಎಂಬುದು ವೈದ್ಯರ ಲೆಕ್ಕ. ಲೇಹ್ ಮುಟ್ಟಿದ ಮರುದಿನ ಏನೂ ಮಾಡಬೇಡಿ. ಪೇಟೆಯಲ್ಲಿ ನಿಧಾನ ನಡೆದಾಡಿ, ನೀರು ಕುಡಿಯಿರಿ, ಮದ್ಯ ಮತ್ತು ನಿದ್ದೆಮಾತ್ರೆ ಮುಟ್ಟಬೇಡಿ. ಡಯಾಮಾಕ್ಸ್ ಮಾತ್ರೆ ಹಲವರು ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಎತ್ತರಕ್ಕೆ ಹೊರಡುವ ಹಿಂದಿನ ದಿನದಿಂದ ಶುರು ಮಾಡುವ ಔಷಧ ಅದು. ಸಲ್ಫಾ ಔಷಧಗಳ ಅಲರ್ಜಿ ಇದ್ದವರಿಗೆ ತೊಂದರೆ ಆಗಬಹುದು. ಬೆರಳ ತುದಿ ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಅದರ ಮಾಮೂಲು ಪರಿಣಾಮ. ನಿಮ್ಮ ವೈದ್ಯರನ್ನು ಕೇಳದೆ ಬೇಡ. ಬಿ.ಪಿ., ಹೃದಯ, ಆಸ್ತಮಾ ಇದ್ದವರು ಮೊದಲೇ ತೋರಿಸಿಕೊಳ್ಳಿ. ಬಸುರಿ ಹೆಂಗಸರು ಈ ಪ್ರವಾಸವನ್ನು ಮುಂದಕ್ಕೆ ಹಾಕುವುದು ಲೇಸು.

ಕೂತಲ್ಲೇ ಏದುಸಿರು, ನೊರೆ ಬರುವ ಕೆಮ್ಮು, ತುಟಿ ನೀಲಿಗಟ್ಟುವುದು ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಮಾತು ತಡವರಿಸಿ, ನೆಲದ ಮೇಲೆ ಒಂದು ಗೆರೆಯಗುಂಟ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ನಡೆಯಲಾಗದಿದ್ದರೆ ಮಿದುಳಿನಲ್ಲಿ ಊತ. ಎರಡೂ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲವು. ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಯಿರಿ. ಸೇನೆಯ ಶಿಬಿರ ಹತ್ತಿರವಿದ್ದರೆ ಸಹಾಯ ಕೇಳಲು ಸಂಕೋಚ ಬೇಡ. ಲೇಹ್‌ನಲ್ಲಿದ್ದರೆ ಸೋನಮ್ ನೊರ್ಬೂ ಆಸ್ಪತ್ರೆ ಇದೆ, ಇಂಥ ರೋಗಿಗಳನ್ನು ನೋಡಿ ಪಳಗಿದ ಜಾಗ. ಔಷಧದಂಗಡಿಯ ಆಮ್ಲಜನಕದ ಸಣ್ಣ ಡಬ್ಬಿ ಕೆಲವೇ ನಿಮಿಷಕ್ಕೆ ಖಾಲಿ; ಅದನ್ನು ಕೈಯಲ್ಲಿ ಹಿಡಿದು ಇನ್ನೂ ಮೇಲಕ್ಕೆ ಹೋಗುವುದು ಮೂರ್ಖತನ.

ಎತ್ತರದ ಕಾಯಿಲೆ ಮೊದಲು ತಿನ್ನುವುದು ತೀರ್ಮಾನ ಮಾಡುವ ಬುದ್ಧಿಯನ್ನು. ತನಗೇನೂ ಆಗಿಲ್ಲ ಎಂದು ರೋಗಿಯೇ ಹೇಳುತ್ತಾನೆ. ಆದ್ದರಿಂದ ದಂಪತಿ ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಬೇಕು. ಸ್ಟೇರಿಂಗ್ ಯಾರ ಕೈಯಲ್ಲಾದರೂ ಇರಲಿ, ನಿಲ್ಲಿಸುವ ಅಧಿಕಾರ ಎಡಗಡೆ ಕೂತವರದ್ದು. ‘ಸಾಕು, ಇವತ್ತು ಇಲ್ಲೇ’ ಎಂದರೆ ಮುಗಿಯಿತು, ಯಾಕೆ ಎಂಬ ವಾದ ರಾತ್ರಿ ಊಟದ ಹೊತ್ತಿಗೆ. ಪ್ರಪಾತ ಎಡಕ್ಕಿದ್ದಾಗ ಅಂಚು ಕಾಣುವುದೂ ಅವರಿಗೇ. ‘ಇನ್ನೂ ಒಂದು ಮೊಳ ಇದೆ, ಬರಲಿ’ ಎಂದು ಅಳತೆ ಹೇಳುವವರು ಇರಬೇಕೇ ಹೊರತು, ‘ಅಯ್ಯೋ’ ಎಂದು ಚೀರುವವರಲ್ಲ. ಎರಡು ಗಂಟೆಗೊಮ್ಮೆ ಸೀಟು ಬದಲಿಸಿ. ಹೆಂಡತಿಗೆ ‘ಪ್ಲೇನ್ ರೋಡಲ್ಲಿ ಕೊಡ್ತೀನಿ’ ಎನ್ನುವ ಗಂಡಂದಿರಿಗೆ ಒಂದು ಮಾತು: ನಿಮಗೆ ತಲೆ ತಿರುಗಿದ ದಿನ ಬಾರಾಲಾಚಾವನ್ನು ಆಕೆಯೇ ಇಳಿಸಬೇಕು.

ಫೋನು, ದುಡ್ಡು, ಅವಲಕ್ಕಿ

ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು–ಕಾಶ್ಮೀರ, ಲಡಾಖ್‌ಗಳಲ್ಲಿ ನಡೆಯುವುದಿಲ್ಲ. ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ. ಅದಿದ್ದರೂ ಲೇಹ್–ಮನಾಲಿ ನಡುವಿನ ಬಹಳಷ್ಟು ದಾರಿಯಲ್ಲಿ ಸಿಗ್ನಲ್ ಇಲ್ಲ. ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಿ, ಮನೆಯವರಿಗೆ ‘ನಾಳೆ ರಾತ್ರಿವರೆಗೆ ಫೋನ್ ಬರಲ್ಲ’ ಎಂದು ಹೇಳಿಡಿ. ಸಿಗ್ನಲ್ ಇಲ್ಲದ ಕಡೆ ಯುಪಿಐಯೂ ಇಲ್ಲ, ನೋಟು ಬೇಕು. ಆರ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ, ಲೈಸೆನ್ಸು, ಆಧಾರ್ ಇವುಗಳ ನಕಲು ಪ್ರತಿ ಕಾಗದದಲ್ಲೇ ಇರಲಿ. ಲೇಹ್ ಆಚೆಯ ನುಬ್ರಾ ಕಣಿವೆ, ಪಾಂಗಾಂಗ್ ಸರೋವರಗಳಿಗೆ ಆ ಹೊತ್ತಿಗೆ ಯಾವ ಅನುಮತಿ, ಯಾವ ಶುಲ್ಕ ಎಂದು ಲೇಹ್‌ನಲ್ಲಿ ವಿಚಾರಿಸಿ ಹೊರಡಿ, ನಿಯಮ ಆಗಾಗ ಬದಲಾಗುತ್ತದೆ.

ಲೇಹ್ ಎತ್ತರದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ ಸರಿಯಾಗಿ ಬೇಯುವುದಿಲ್ಲ, ಬೇಳೆಯ ಮಾತಂತೂ ಬೇಡ. ಆದ್ದರಿಂದ ಬೇಯಿಸದೆ ನೆನೆಯುವಂಥದ್ದನ್ನು ಒಯ್ಯಿರಿ. ತೆಳು ಅವಲಕ್ಕಿ, ಗೊಜ್ಜವಲಕ್ಕಿಯ ಪುಡಿ, ಚಟ್ನಿಪುಡಿ, ಹುರಿಹಿಟ್ಟು. ಪಾಂಗ್‌ನ ಡೇರೆ ಢಾಬಾಗಳಲ್ಲಿ ಚಹಾ, ಮ್ಯಾಗಿ, ಆಮ್ಲೆಟ್ಟು, ರಾಜ್ಮಾ ಅನ್ನ ಸಿಗುತ್ತದೆ. ಒಳಗೆ ಗೋಡೆಗುಂಟ ಹಾಸಿದ ಹಾಸಿಗೆಗಳ ಮೇಲೆ ಅರ್ಧ ಗಂಟೆ ಕಾಲು ಚಾಚಿದರೂ ಯಾರೂ ಏನೂ ಅನ್ನುವುದಿಲ್ಲ. ಶೌಚಾಲಯದ ಭರವಸೆ ಮಾತ್ರ ಬೇಡ. ಮೊರೆ ಬಯಲಿನಂಥ ಕಡೆ ನಲವತ್ತು ಕಿಲೋಮೀಟರ್ ಉದ್ದಕ್ಕೂ ಮರೆಗೆ ಒಂದು ಪೊದೆಯೂ ಇಲ್ಲ. ಒಂದು ಹಳೆಯ ಸೀರೆ ಅಥವಾ ಕೊಡೆ ಕಾರಿನಲ್ಲಿದ್ದರೆ ಹೆಂಗಸರಿಗೆ ಅನುಕೂಲ. ಮುಟ್ಟಿನ ಸಾಮಾನನ್ನು ಊರಿನಿಂದಲೇ ಒಯ್ಯಿರಿ, ಬಳಸಿದ್ದನ್ನು ಕಟ್ಟಿ ವಾಪಸ್ ತನ್ನಿ. ಆ ಚಳಿಯಲ್ಲಿ ಯಾವುದೂ ಬೇಗ ಕೊಳೆಯುವುದಿಲ್ಲ.

ಲೇಹ್‌ನಿಂದ ಎಲ್ಲಿಗೆ? ಮೊದಲು ನುಬ್ರಾ. ಖರ್ದುಂಗ್ ಲಾ ದಾಟಿದರೂ ಮಲಗುವ ದಿಸ್ಕಿತ್, ಹುಂದರ್ ಲೇಹ್‌ಗಿಂತ ಕೆಳಗಿವೆ. ಖರ್ದುಂಗ್ ಲಾ ಮೇಲೆ ಬಹುಕಾಲ 18,380 ಅಡಿ ಎಂಬ ಫಲಕ ಇತ್ತು, ಜಿಪಿಎಸ್ ಅಳತೆಗೆ ಅದು 5,359 ಮೀಟರ್, ಎಂದರೆ ಸುಮಾರು 17,580 ಅಡಿ. ಎಷ್ಟಾದರೂ ಅಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಪಾಂಗಾಂಗ್ ಸರೋವರದ ದಡ 4,200 ಮೀಟರಿಗೂ ಮೇಲೆ, ಅದು ಆಮೇಲೆ. ಕಾರಿಗೆ ವಿಶ್ರಾಂತಿ ಕೊಡಬೇಕೆನಿಸಿದರೆ ಇವೆರಡಕ್ಕೂ ಸ್ಥಳೀಯ ಟ್ಯಾಕ್ಸಿ ಹಿಡಿಯುವುದು ಸೋಲೇನಲ್ಲ.

ವಾಪಸ್ ದಾರಿಯ ಪೆಟ್ರೋಲ್ ಲೆಕ್ಕ

ಮನಾಲಿ ಕಡೆಯ ಲಾಹೌಲ್‌ನ ತಾಂಡಿಯಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಫಲಕ ಇದೆ, ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರೇ. ಲೇಹ್‌ನಿಂದ ಬರುವವರಿಗೂ ಆ ಲೆಕ್ಕ ಅನ್ವಯಿಸುತ್ತದೆ. ಲೇಹ್ ಅಥವಾ ಖಾರು ಎಂಬ ಊರಿನಲ್ಲಿ ಟ್ಯಾಂಕ್ ತುಂಬಿಸಿದರೆ ತಾಂಡಿವರೆಗೆ ಬಂಕನ್ನು ನಂಬುವಂತಿಲ್ಲ. ಆಲ್ಟೊ ಕೆ10 ಟ್ಯಾಂಕು 27 ಲೀಟರ್. ಬೆಟ್ಟದಲ್ಲಿ ಲೀಟರಿಗೆ 14 ಎಂದು ಹಿಡಿದರೆ 378 ಕಿ.ಮೀ. ಕಾಗದದ ಮೇಲೆ ಸಾಕು. ಆದರೆ ಭೂಕುಸಿತಕ್ಕೆ ಸಿಕ್ಕಿ ಹೀಟರ್ ಹಾಕಿಕೊಂಡು ಎರಡು ಗಂಟೆ ನಿಂತರೆ, ಅಥವಾ ಅರ್ಧ ದಾರಿಯಿಂದ ವಾಪಸಾಗಬೇಕಾಗಿ ಬಂದರೆ ಸಾಲದು. ಹತ್ತು ಲೀಟರಿನ ಲೋಹದ ಡಬ್ಬಿಯಲ್ಲಿ ಹೆಚ್ಚುವರಿ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ಅಲ್ಲ. ಕಂಠದವರೆಗೆ ತುಂಬಿಸಬೇಡಿ, ಮೇಲೆ ಹೋದಂತೆ ಒಳಗಿನ ಆವಿ ಒತ್ತುತ್ತದೆ. ಮುಚ್ಚಳವನ್ನು ಕಾರಿನಿಂದ ಹೊರಗೆ, ಮೆಲ್ಲಗೆ ಬಿಚ್ಚಿ.

ಲೇಹ್‌ನಿಂದ ಬೆಳಗಿನ ಐದಕ್ಕೆ ಹೊರಟರೆ ತಂಗ್‌ಲಾಂಗ್ ಲಾ, ಮೊರೆ ಬಯಲು, ಪಾಂಗ್, ಲಾಚುಂಗ್ ಲಾ, ಗಾಟಾ ಲೂಪ್ಸ್ ಇಳಿದು ಸಂಜೆಯೊಳಗೆ ಸರ್ಚು ಸೇರಬಹುದು. ಗಾಟಾ ಲೂಪ್ಸ್‌ನಲ್ಲಿ ನೀರಿನ ಬಾಟಲಿಗಳ ರಾಶಿಯ ನಡುವೆ ಒಂದು ಪುಟ್ಟ ಗುಡಿ ಇದೆ. ಹಿಂದೊಮ್ಮೆ ಕೆಟ್ಟುನಿಂತ ಲಾರಿಯಲ್ಲಿ ಕಾದು ಕಾದು ಸತ್ತ ಕ್ಲೀನರನ ಆತ್ಮ ನೀರು ಕೇಳುತ್ತದಂತೆ. ನಮ್ಮ ಘಟ್ಟದ ಗುಡಿಗಳಿಗೆ ಕಾಸು ಹಾಕಿ ಮುಂದೆ ಹೋಗುವ ಲಾರಿಯವರಂತೆ ಅಲ್ಲಿಯವರು ಒಂದು ಬಾಟಲಿ ಇಟ್ಟು ಹೋಗುತ್ತಾರೆ. ಲೇಹ್‌ನಲ್ಲಿ ಒಂದು ವಾರ ಕಳೆದವರಿಗೆ ಸರ್ಚುವಿನ ರಾತ್ರಿ ಹೆದರಿಸುವುದಿಲ್ಲ, ಚಳಿ ಮಾತ್ರ ಹಲ್ಲು ಕಟಕಟಿಸುತ್ತದೆ. ಮರುದಿನ ಬಾರಾಲಾಚಾದ ಬಂಡೆ ನೆರಳಿರುವ ತಿರುವುಗಳಲ್ಲಿ ನೀರು ಕಣ್ಣಿಗೆ ಕಾಣದ ಗಾಜಿನಂಥ ಮಂಜುಗಡ್ಡೆಯಾಗಿರುತ್ತದೆ. ಅಲ್ಲಿ ಬ್ರೇಕೂ ಬೇಡ, ಸ್ಟೇರಿಂಗನ್ನು ಥಟ್ಟನೆ ತಿರುಗಿಸುವುದೂ ಬೇಡ. ಗೇರಿನಲ್ಲಿ ಹರಿದು ಹೋಗಲಿ.

ಮನಾಲಿಗೆ ಬಂದ ಮೇಲೆ ಹೋಟೆಲಿಗೆ ಹೋಗುವ ಮುಂಚೆ ಗ್ಯಾರೇಜಿಗೆ ಹೋಗಿ. ಗಾಡಿಯನ್ನು ಮೇಲೆತ್ತಿಸಿ ತಳದ ಬೋಲ್ಟು, ಸೈಲೆನ್ಸರ್ ಹಿಡಿ, ಸಸ್ಪೆನ್ಷನ್ ರಬ್ಬರು, ಟೈರಿನ ಒಳಪಕ್ಕ ನೋಡಿಸಿ. ಏರ್ ಫಿಲ್ಟರ್ ಬಿಚ್ಚಿ ತಟ್ಟಿಸಿದರೆ ಒಂದು ಹಿಡಿ ದೂಳು ಬೀಳುತ್ತದೆ. ಬ್ರೇಕ್ ಪ್ಯಾಡು ಸವೆದಿದ್ದರೆ ಬದಲಿಸುವುದು ಅಲ್ಲೇ, ಅಲ್ಲಿಂದ ಬೆಂಗಳೂರಿಗೆ ಇನ್ನೂ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ ಇದೆ.